ಮುಂದಕ್ಕೊಂದು ಟೈರು, ಹಿಂದಕ್ಕೊಂದು

ಬೆಂಗಳೂರಿನ ಉತ್ತರ ಭಾಗದಲ್ಲಿ ಮನೆ ಮಾಡಿಕೊಂಡವರು ಮೌಂಟನ್ ಬೈಕ್ ಕೊಂಡರೆ, ಅದು ಬೆಟ್ಟದ ಮಣ್ಣಿನಲ್ಲಿ ಓಡುವುದಕ್ಕಿಂತ ಡಾಂಬರಿನ ಮೇಲೆ ಓಡುವುದೇ ಹೆಚ್ಚು. ಯಲಹಂಕದಿಂದ ನಂದಿ ಬೆಟ್ಟದ ಬುಡಕ್ಕೆ 35 ಕಿಲೋಮೀಟರಿಗೂ ಹೆಚ್ಚು ದಾರಿ. ಅಲ್ಲಿಂದ ಗಾಡಿ ಜಾಡು, ಕೆರೆ ಏರಿ, ನೀಲಗಿರಿ ತೋಪು, ಹಾಸುಬಂಡೆ ಎಂದು ಸುತ್ತಾಡಿ, ಮತ್ತೆ ಅಷ್ಟೇ ಡಾಂಬರು ತುಳಿದು ಮನೆ ಸೇರಬೇಕು. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಹೋಗುವವರ ಲೆಕ್ಕ ಬೇರೆ. ತುಳಿದೇ ಹೋಗಿ ತುಳಿದೇ ಬರುವವನಿಗೆ ಟೈರಿನ ಆಯ್ಕೆ ಎಂದರೆ, ಒಬ್ಬರಿಗೊಬ್ಬರು ಸೋಲದ ಇಬ್ಬರು ದಾಯಾದಿಗಳ ನಡುವೆ ಪಂಚಾಯಿತಿ ಮಾಡಿದಂತೆಯೇ.

ನನ್ನ ಸೈಕಲಿನ ಜೊತೆಗೇ ಬಂದಿದ್ದ ಟೈರುಗಳು ಸವೆದು ಬದಲಾಯಿಸುವ ಹಂತಕ್ಕೆ ಬಂದಿದ್ದವು. ಹಿಂದಿನದರ ನಡುಸಾಲಿನ ಬಟನ್‌ಗಳು (ನೆಲ ಹಿಡಿಯುವ ರಬ್ಬರಿನ ಉಬ್ಬುಗಳು) ಕಾಗದದ ದಪ್ಪಕ್ಕೆ ಇಳಿದಿದ್ದರೆ, ಅಂಚಿನ ಬಟನ್‌ಗಳು ಅಂಗಡಿಯಿಂದ ತಂದ ದಿನದಷ್ಟೇ ಚೂಪಾಗಿದ್ದವು; ಆ ಟೈರು ತನ್ನ ಆಯುಷ್ಯವನ್ನೆಲ್ಲ ಡಾಂಬರಿನ ಮೇಲೆ ನೆಟ್ಟಗೆ ಓಡಿಯೇ ಕಳೆದಿತ್ತು ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಮುಂದಿನ ಟೈರು ಅಷ್ಟೊಂದು ಸವೆದಿರಲಿಲ್ಲ. ಸವಾರನ ಭಾರದಲ್ಲಿ ಹೆಚ್ಚು ಪಾಲು ಹಿಂದಿನ ಚಕ್ರದ ಮೇಲೆ ಬೀಳುತ್ತದೆ, ತುಳಿತದ ಬಲವೂ ಅದರ ಮೂಲಕವೇ ನೆಲಕ್ಕೆ ಇಳಿಯುತ್ತದೆ. ನನ್ನ ಗೆಳೆಯನೊಬ್ಬ ಇದಕ್ಕೆ ತೀರ ವಿರುದ್ಧವಾಗಿ, ಕಡಿದಾದ ಕಾಡಿನ ಇಳಿಜಾರಿಗೆಂದೇ ಮಾಡಿದ, ಎತ್ತರದ ಬಟನ್‌ಗಳು ದೂರದೂರ ಕೂತಿರುವ ಟೈರುಗಳನ್ನು ಎರಡೂ ಚಕ್ರಗಳಿಗೆ ಹಾಕಿಸಿಕೊಂಡಿದ್ದ. ಇಬ್ಬರದೂ ಒಂದೇ ಅಳತೆಯ ಫ್ರೇಮು, ಒಂದೇ 29 ಇಂಚಿನ ಚಕ್ರ. ಹೊಸದನ್ನು ಕೊಳ್ಳುವ ಮುಂಚೆ ಒಂದೇ ದಾರಿಯಲ್ಲಿ ಎರಡನ್ನೂ ಅದಲು ಬದಲು ಮಾಡಿ ನೋಡೋಣವೆಂದು ಸೆಪ್ಟೆಂಬರಿನ ಒಂದು ಭಾನುವಾರ ಹೊರಟೆವು. ಬೆಂಗಳೂರಿನ ಸುತ್ತ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಅದು. ಹಿಂದಿನ ರಾತ್ರಿಯೂ ಸುರಿದಿತ್ತು.

ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ತೀರ್ಮಾನವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗೆಳೆಯನ ಸೈಕಲ್ ಜೇನುಗೂಡಿನಂತೆ ಗುಂಯ್‌ಗುಟ್ಟುತ್ತಿತ್ತು, ಸಮತಟ್ಟಿನಲ್ಲಿಯೂ ಅವನು ಒಂದು ಗೇರು ಕೆಳಗೇ ತುಳಿಯುತ್ತಿದ್ದ. ಎತ್ತರದ, ಮೆತ್ತನೆಯ ಬಟನ್‌ಗಳು ಪ್ರತಿ ಸುತ್ತಿನಲ್ಲಿಯೂ ಬಾಗಿ ಮತ್ತೆ ನೆಟ್ಟಗಾಗುವುದರಲ್ಲಿಯೇ ತುಳಿದ ಶಕ್ತಿಯ ಒಂದಂಶ ಕಳೆದುಹೋಗುತ್ತದೆ. ದೇವನಹಳ್ಳಿ ದಾಟುವ ಹೊತ್ತಿಗೆ ಅವನು ಬೆವೆತಿದ್ದ, ನಾನು ಮಾತನಾಡುತ್ತಿದ್ದೆ.

ಡಾಂಬರು ಬಿಟ್ಟು ಮಣ್ಣಿಗೆ ಇಳಿಯುವಲ್ಲಿ ಇಬ್ಬರೂ ನಿಂತು ಗಾಳಿ ಇಳಿಸಿದೆವು. ನನ್ನದು ಟ್ಯೂಬ್ ಇರುವ ಟೈರು. ಗಾಳಿಯ ಒತ್ತಡ 30 ಪಿಎಸ್‌ಐಗಿಂತ ಕೆಳಗೆ ಹೋದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಜೋಡಿ ತೂತು ಬೀಳುವ ಭಯ. ಅವನದು ಟ್ಯೂಬ್‌ಲೆಸ್, ನಿಶ್ಚಿಂತೆಯಿಂದ 24ಕ್ಕೆ ಇಳಿಸಿದ. ಟೈರಿನ ವಿನ್ಯಾಸದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಗಾಳಿಯ ಬಗ್ಗೆ ಒಂದು ಮಾತೂ ಆಡದಿರುವುದನ್ನು ಕಂಡು ನನಗೆ ಆಶ್ಚರ್ಯವಾಗುತ್ತದೆ; ಆರೇಳು ಪಿಎಸ್‌ಐ ವ್ಯತ್ಯಾಸದಲ್ಲಿ ಅದೇ ಟೈರು ಬೇರೆಯದೇ ಟೈರಾಗಿಬಿಡುತ್ತದೆ.

ಈ ಸೀಮೆಯ ನೆಲ ಒಂದು ಮೈಲಿಯೊಳಗೆ ನಾಲ್ಕು ಬಗೆಯಾಗಿ ಬದಲಾಗುತ್ತದೆ. ಗಟ್ಟಿ ಕೆಂಪು ನೆಲದ ಮೇಲೆ ಬೆಣಚುಕಲ್ಲಿನ ಹರಳುಗಳು ರಾಗಿ ಕಾಳು ಚೆಲ್ಲಿದ ಹಾಗೆ ಹರಡಿರುತ್ತವೆ. ಅಲ್ಲಿ ಎತ್ತರದ ಬಟನ್‌ಗೂ ನೆಲದೊಳಕ್ಕೆ ಇಳಿಯಲು ಸಾಧ್ಯವಿಲ್ಲ. ಕಡಿಮೆ ಗಾಳಿಯಲ್ಲಿ ಹರಡಿಕೊಂಡು ನೆಲವನ್ನು ತಬ್ಬುವ ಅಗಲವಾದ ಟೈರೇ ಹಿಡಿಯುತ್ತದೆ. ಹಾಸುಬಂಡೆ ಒಣಗಿದ್ದರೆ ಎಂಥ ಟೈರಾದರೂ ಸರಿ, ಪಾಚಿ ಕಟ್ಟಿದ್ದರೆ ಯಾವ ಟೈರೂ ಸಾಲದು. ಕೆರೆಯ ಒಳಮೈಯ ಜೇಡಿ ಮಣ್ಣು ಮಾತ್ರ ನಿಜವಾದ ಪರೀಕ್ಷಕ. ನನ್ನ ಟೈರಿನ ಒತ್ತಾದ ಬಟನ್‌ಗಳ ಸಂದುಗಳೆಲ್ಲ ಕೆಲವೇ ಮಾರು ದೂರದಲ್ಲಿ ತುಂಬಿಹೋಗಿ, ಚಕ್ರದ ಮೇಲೆ ನುಣುಪಾದ ಕೆಂಪು ಪಟ್ಟಿಯೊಂದು ಸುತ್ತಿಕೊಂಡಿತು. ಗೆಳೆಯನ ಟೈರು ಮಾತ್ರ ತಿರುಗಿದಂತೆಲ್ಲ ಹೆಂಟೆ ಹೆಂಟೆಯಾಗಿ ಮಣ್ಣನ್ನು ಕೊಡವಿಕೊಳ್ಳುತ್ತ ಮುಂದೆ ಹೋಯಿತು.

ಮುಖ್ಯವಾದದ್ದು ನಡೆದದ್ದು ನೀಲಗಿರಿ ತೋಪಿನ ಇಳಿಜಾರಿನಲ್ಲಿ. ಒದ್ದೆ ಎಲೆಗಳ ಕೆಳಗೆ ಸಡಿಲ ಮಣ್ಣು, ಕೊನೆಯಲ್ಲಿ ಎಡಕ್ಕೆ ಒಂದು ತಿರುವು. ನನ್ನ ಸೈಕಲಿನಲ್ಲಿ ಇಳಿದಾಗ ಹಿಂದಿನ ಚಕ್ರ ಎರಡು ಕಡೆ ಜಾರಿತು. ಅದರಿಂದೇನೂ ಆಗಲಿಲ್ಲ, ಬಾಲ ಒಂದಿಷ್ಟು ಆಚೆ ಈಚೆ ಓಲಾಡಿತು, ಸೊಂಟ ತಾನಾಗಿಯೇ ಸರಿಮಾಡಿಕೊಂಡಿತು. ತಿರುವಿನಲ್ಲಿ ಮುಂದಿನ ಚಕ್ರ ಜಾರತೊಡಗಿದಾಗ ಅನುಭವವೇ ಬೇರೆ: ಹ್ಯಾಂಡಲ್ ಒಮ್ಮೆಲೇ ಹಗುರವಾಗಿ, ನಾನು ತಿರುಗಿಸಿದ ದಿಕ್ಕಿಗೂ ಸೈಕಲ್ ಹೋಗುವ ದಿಕ್ಕಿಗೂ ಸಂಬಂಧವಿಲ್ಲದಂತಾಗಿ, ಎಡಗಾಲು ನೆಲಕ್ಕೆ ಊರಿಯೇ ಉಳಿದೆ. ಗೆಳೆಯನ ಸೈಕಲಿನಲ್ಲಿ ಅದೇ ತಿರುವನ್ನು ಬ್ರೇಕ್ ಮುಟ್ಟದೆ ದಾಟಿದೆ.

ಆಗ ಹೊಳೆದದ್ದು ಚಕ್ರಗಳನ್ನು ಮಾತ್ರ ಬದಲಿಸುವ ಯೋಚನೆ. ಇಬ್ಬರ ಮುಂದಿನ ಆಕ್ಸಲ್ಲೂ 15 ಮಿಲಿಮೀಟರಿನದು, ಬ್ರೇಕಿನ ಡಿಸ್ಕ್ ಎರಡೂ 160 ಮಿಲಿಮೀಟರಿನವು. ಅವನ ಮುಂದಿನ ಚಕ್ರವನ್ನು ನನ್ನ ಸೈಕಲಿಗೆ ಸಿಕ್ಕಿಸಿದೆವು. ಡಿಸ್ಕ್ ಪ್ಯಾಡಿಗೆ ಕೊಂಚ ಉಜ್ಜಿ ಸುತ್ತಿಗೊಮ್ಮೆ ಚಿರ್ ಎನ್ನುತ್ತಿತ್ತು, ಅಷ್ಟು ಬಿಟ್ಟರೆ ತೊಂದರೆಯಿರಲಿಲ್ಲ. ಮುಂದೆ ಹಿಡಿತದ ಟೈರು, ಹಿಂದೆ ನನ್ನದೇ ಸವೆದ ಟೈರು. ಹಿಂದಿನದು ಮೊದಲಿನಂತೆಯೇ ಜಾರಿತು, ತಿರುವಿನಲ್ಲಿ ಮುಂದಿನದು ಕದಲಲಿಲ್ಲ. ತೋಪು ಮುಗಿದು ಡಾಂಬರಿನ ತುಂಡು ಸಿಕ್ಕಾಗ ವೇಗ ತುಸು ತಗ್ಗಿದ್ದು ನಿಜ, ಆದರೆ ಗೆಳೆಯ ಪಡುತ್ತಿದ್ದ ಪಾಡಿನ ಕಾಲು ಭಾಗವೂ ನನಗಿರಲಿಲ್ಲ. ಅಲ್ಲಿಯವರೆಗೆ ನಾನು ಎಲ್ಲ ನೆಲಕ್ಕೂ ಸಲ್ಲುವ ಒಂದು ಜೊತೆ ಟೈರನ್ನು ಹುಡುಕುತ್ತಿದ್ದೆ. ಹಿಂದಿನ ಚಕ್ರವನ್ನು ಕುರಿತು ನಾನು ಎಲ್ಲಿ ಹೆಚ್ಚು ದೂರ ಓಡುತ್ತೇನೆ ಎಂದೂ, ಮುಂದಿನದನ್ನು ಕುರಿತು ಎಲ್ಲಿ ಜಾರಿದರೆ ಬೀಳುತ್ತೇನೆ ಎಂದೂ ಬೇರೆಬೇರೆಯಾಗಿ ಕೇಳಿಕೊಳ್ಳಬೇಕೆಂದು ಆ ತೋಪಿನಲ್ಲಿ ಖಚಿತವಾಯಿತು.

ಮರಳುವಾಗ ಕೆರೆ ಏರಿಯ ಮೇಲೆ ಬಳ್ಳಾರಿ ಜಾಲಿ ತನ್ನ ಕೆಲಸ ಮಾಡಿತು. ನನ್ನ ಹಿಂದಿನ ಟ್ಯೂಬ್ ಹೋಯಿತು. ಗೆಳೆಯನ ಟೈರಿಗೂ ಒಂದು ಮುಳ್ಳು ನಾಟಿತ್ತು. ಅವನು ಉಗುರಿನಿಂದ ಅದನ್ನು ಕಿತ್ತ ತಕ್ಷಣ ತೂತು ಮುಚ್ಚಲೆಂದು ಟೈರಿನೊಳಗೆ ತುಂಬಿದ್ದ ಬಿಳಿ ಸೀಲೆಂಟ್ ದ್ರವ ನೊರೆಯಾಗಿ ಬುಸ್ಸೆಂದು ಹೊರಬಂತು, ಅಮೋನಿಯಾದ ಘಾಟು ಬಡಿಯಿತು. ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿದ. ನಾನು ಟೈರ್ ಲಿವರ್ ಹುಡುಕುವಷ್ಟರಲ್ಲಿ ನೊರೆ ನಿಂತು, ರಬ್ಬರಿನ ಮೇಲೆ ಅಕ್ಕಿ ಕಾಳಿನಷ್ಟು ಗಂಟು ಉಳಿದಿತ್ತು. ಜಾಲಿಯೂ ನೆಗ್ಗಿಲೂ ಇರುವ ಬಯಲುಸೀಮೆಯಲ್ಲಿ ಟ್ಯೂಬ್‌ಲೆಸ್ ಎನ್ನುವುದು ಶೋಕಿಯಲ್ಲ. ನಮ್ಮ ಬಿಸಿಲಿಗೆ ಆ ದ್ರವ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ತುಂಬಿಸುವ ಶ್ರದ್ಧೆ ಮಾತ್ರ ಬೇಕು.

ಅಂಗಡಿಯಲ್ಲಿ ಮೊದಲು ನೋಡಿದ್ದು ಟೈರಿನ ಪಕ್ಕದ ಮೈ, ಅಂದರೆ ಸೈಡ್‌ವಾಲಿನ ಮೇಲಿನ ಅಂಕಿಗಳನ್ನು. 29 ಇಂಚು ಎನ್ನುವುದು ಟೈರಿನ ಹೊರವ್ಯಾಸದ ಅಂದಾಜು. ರಿಮ್ಮಿನ ಮೇಲೆ ಅದು ಕೂರುವಲ್ಲಿನ ವ್ಯಾಸ 622 ಮಿಲಿಮೀಟರ್, 27.5 ಇಂಚಿನದಕ್ಕೆ 584, ಹಳೆಯ 26 ಇಂಚಿನದಕ್ಕೆ 559. ಈ ಮೂರಂಕಿ ತಾಳೆಯಾದರೆ ಮಿಕ್ಕದ್ದು ಅಗಲದ ಮಾತು. ನನ್ನ ಫ್ರೇಮಿನ ಹಿಂಬದಿಯ ಕವಲಿನಲ್ಲಿ 2.25 ಇಂಚಿಗಿಂತ ಅಗಲವಾದ ಟೈರು ಹಾಕಿದರೆ ಮಣ್ಣು ಹೋಗಲು ಬೆರಳು ತೂರುವಷ್ಟೂ ಜಾಗ ಉಳಿಯುವುದಿಲ್ಲ. ಕೊನೆಗೆ ಮುಂದಕ್ಕೆ ಮ್ಯಾಕ್ಸಿಸ್ ಕಂಪನಿಯ ರೆಕಾನ್ 2.25, ಹಿಂದಕ್ಕೆ ಅದೇ ಕಂಪನಿಯ ಐಕಾನ್ 2.20 ತೆಗೆದುಕೊಂಡೆ. ಐಕಾನಿನ ಬಟನ್‌ಗಳು ಗಿಡ್ಡ, ಒತ್ತು. ರೆಕಾನಿನ ಅಂಚಿನ ಬಟನ್‌ಗಳು ದಪ್ಪ, ಬಲ. ಎರಡರಲ್ಲಿಯೂ ಸೈಡ್‌ವಾಲ್ ಗಟ್ಟಿಯಾಗಿರುವ, ಟ್ಯೂಬ್‌ಲೆಸ್‌ಗೆ ಒಗ್ಗುವ ಬಗೆಯನ್ನೇ ಕೇಳಿದೆ. ಗೆಳೆಯನ ಟೈರಿನಂಥದ್ದನ್ನೇ ಮುಂದಕ್ಕೆ ಹಾಕಬಹುದಿತ್ತು, ಆದರೆ ಡಾಂಬರಿನ ಪಾಲು ಇಷ್ಟಿರುವಾಗ ಅದು ಅತಿಯಾಯಿತು ಎನಿಸಿತು.

ಈ ಜೋಡಿಯನ್ನು ಎಲ್ಲರಿಗೂ ಹೇಳಲಾರೆ. ಧಾರವಾಡದ ಪಶ್ಚಿಮ ಅಂಚಿನ ಕೆಂಪು ನೆಲದಲ್ಲಿ ನಡೆಯುವ ಟೈರು, ಹುಬ್ಬಳ್ಳಿ ದಾಟಿ ನವಲಗುಂದದ ಕಡೆಯ ಎರೆ ಹೊಲದಲ್ಲಿ ಮಳೆ ಬಿದ್ದ ದಿನ ಒಂದು ಸುತ್ತೂ ತಿರುಗಲಿಕ್ಕಿಲ್ಲ. ಅಲ್ಲಿ ಸೈಕಲನ್ನು ಹೊತ್ತುಕೊಳ್ಳುವುದೇ ಜಾಣತನ. ಮಳೆಗಾಲದ ಸಕಲೇಶಪುರದ ತೋಟಗಳ ಜಾಡಿನಲ್ಲಿ ಒದ್ದೆ ಬೇರು, ಪಾಚಿಗಲ್ಲು ತುಳಿಯುವವರಿಗೆ ಮೆತ್ತನೆಯ ರಬ್ಬರೇ ಬೇಕು, ಅದು ಬೇಗ ಸವೆದರೂ ಸರಿಯೇ.

ಈಗ ಮಣ್ಣಿಗೆ ಇಳಿಯುವಾಗ ಮುಂದೆ 23, ಹಿಂದೆ 26 ಪಿಎಸ್‌ಐ ಇಟ್ಟುಕೊಂಡು, ಮರಳುವಾಗ ಕೈಪಂಪಿನಿಂದ ಹಿಂದಿನದನ್ನು 35ಕ್ಕೆ ಏರಿಸುತ್ತೇನೆ. ಐಕಾನಿನ ನಡುಸಾಲು ಆಗಲೇ ಸವೆಯತೊಡಗಿದೆ. ಅದು ಪೂರ್ತಿ ಸವೆದ ಮೇಲೆ ಮುಂದಿನ ಟೈರನ್ನು ಹಿಂದಕ್ಕೆ ಹಾಕಿ ಹೊಸದನ್ನು ಮುಂದಕ್ಕೆ ಹಾಕಿಕೊಳ್ಳುವಂತೆ ಅಂಗಡಿಯವರು ಸಲಹೆ ಕೊಟ್ಟಿದ್ದಾರೆ. ಎರಡೂ ಒಂದೇ ಬಗೆಯ ಟೈರಾಗಿದ್ದರೆ ಅದು ಸರಿಯಾದ ಲೆಕ್ಕ; ನನ್ನ ಸೈಕಲಿನಲ್ಲಿ ಹಿಂದಕ್ಕೆ ಮತ್ತೊಂದು ಐಕಾನೇ ಬರುತ್ತದೆ, ರೆಕಾನ್ ಇದ್ದಲ್ಲೇ ಇರುತ್ತದೆ.