ರೇಸ್‌ಟ್ರ್ಯಾಕ್ ರಸ್ತೆ ಹೇಗಿದೆ? ಹೊರಡೋ ಮುಂಚಿನ ಮೂರು ವಾರದ ಲಾಗ್

ಫೆಬ್ರವರಿ 10

ಈ ಸಲ ಕ್ಯಾಲಿಫೋರ್ನಿಯಾದ ಮರುಭೂಮಿಯ ಪಾರ್ಕು ಡೆತ್ ವ್ಯಾಲಿಯಲ್ಲಿರೋ ರೇಸ್‌ಟ್ರ್ಯಾಕ್ ಅನ್ನೋ ಒಣ ಕೆರೆಗೆ ಹೋಗೇ ಹೋಗ್ತೀವಿ. ಮಾರ್ಚ್ ಮೊದಲ ವೀಕೆಂಡ್, ಎರಡು ಗಾಡಿ, ನಾಲ್ಕು ಜನ. ಎರಡು ವರ್ಷದ ಹಿಂದೆ ನಾನೊಬ್ಬನೇ ನನ್ನ ಫೋರ್‌ರನ್ನರ್ ತಗೊಂಡು, ಗಾಡಿ ಜೊತೆ ಬಂದ ರೋಡ್ ಟೈರಲ್ಲೇ ಹೋಗಿದ್ದೆ. ಉಬೆಹೀಬಿ ಕ್ರೇಟರ್ ಹತ್ತಿರ ಟಾರು ಮುಗಿಯುತ್ತೆ. ಅಲ್ಲಿಂದ ಆರನೇ ಮೈಲಿಗೆ ಟೈರಿನ ಸೈಡ್‌ವಾಲ್ ಸೀಳಿತು. ಸ್ಟೆಪ್ನಿ ಹಾಕಿಕೊಂಡು, ಬಾಲ ಮುದುರಿಕೊಂಡು ವಾಪಸ್.

ಗೊತ್ತಿಲ್ಲದವರಿಗೆ: ಕ್ರೇಟರ್‌ನಿಂದ ರೇಸ್‌ಟ್ರ್ಯಾಕ್‌ಗೆ 27 ಮೈಲಿ, ಅಂದ್ರೆ 43 ಕಿಮೀ ಕಚ್ಚಾ ರಸ್ತೆ. ಸಿಮೆಂಟ್ ಶೀಟಿನ ಮಾಡಿನ ಮೇಲೆ ಗಾಡಿ ಓಡಿಸಿದ ಹಾಗೆ ಗಡಗಡ ಅನ್ನುತ್ತೆ, ಮಧ್ಯೆ ಮಧ್ಯೆ ಚೂಪು ಕಲ್ಲು. ಒಂದು ಕಡೆಗೇ ಎರಡು ಗಂಟೆ ಹಿಡಿಯುತ್ತೆ. ಮೊಬೈಲ್ ಸಿಗ್ನಲ್ ಇಲ್ಲ. ಟೋ ಮಾಡಿಸಿದರೆ ಬಿಲ್ಲು ಸಾವಿರ ಡಾಲರ್ ದಾಟುತ್ತೆ. ಕೊನೆಗೆ ಸಿಗೋದು ಒಂದು ಒಣಗಿದ ಕೆರೆ ಅಂಗಳ, ಅದರ ಮೇಲೆ ತಾವೇ ಜಾರಿಕೊಂಡು ಹೋಗಿ ಗೆರೆ ಎಳೆದಿರುವ ಕಲ್ಲುಗಳು. ದೆವ್ವ ಅಂದವರಿದ್ದರು, ಅಯಸ್ಕಾಂತ ಅಂದವರಿದ್ದರು. 2014ರಲ್ಲಿ ಉತ್ತರ ಸಿಕ್ಕಿತು: ಚಳಿಗಾಲದ ರಾತ್ರಿ ತೆಳು ನೀರು ಹಾಳೆಯಂತೆ ಹೆಪ್ಪುಗಟ್ಟುತ್ತೆ, ಬೆಳಗ್ಗೆ ಆ ಮಂಜುಗಡ್ಡೆ ಒಡೆದು, ಸಣ್ಣ ಗಾಳಿಗೆ ಕಲ್ಲನ್ನು ಮೆಲ್ಲಗೆ ತಳ್ಳುತ್ತೆ. ಅಷ್ಟೇ.

ಫೆಬ್ರವರಿ 13

ಅಪ್ಪನಿಗೆ ಫೋನ್ ಮಾಡಿದಾಗ ಪ್ಲಾನ್ ಹೇಳಿದೆ. ಗದಗದ ಕಡೆ ಅರ್ಧ ಆಯುಷ್ಯ ಲಾರಿ ಓಡಿಸಿದವರು. ಗಾಡಿ ಯಾವುದು, ಟೈರ್ ಯಾವುದು ಅಂತ ಏನೂ ಕೇಳಲಿಲ್ಲ. "ಆ ಕಡೆಯಿಂದ ಬಂದವ್ರನ್ನ ಯಾರನ್ನಾದ್ರೂ ಕೇಳೀಯೇನು?" ಅಂದರು. ಇಲ್ಲಪ್ಪ, ವೆಬ್‌ಸೈಟ್ ನೋಡಿದೀನಿ ಅಂದೆ. "ಹೂಂ" ಅಂದರು. ಅವರ ಹೂಂ ಅಂದ್ರೆ ಏನು ಅಂತ ನನಗೆ ಗೊತ್ತು.

ಪಾರ್ಕಿನ ಸೈಟಿನಲ್ಲಿ ರಸ್ತೆಗಳ ಪಟ್ಟಿ ಇದೆ, ರೇಸ್‌ಟ್ರ್ಯಾಕ್ "ಓಪನ್" ಅಂತಿದೆ. ಆದರೆ ಓಪನ್ ಅಂದ್ರೆ ಗೇಟು ಹಾಕಿಲ್ಲ ಅಂತ ಮಾತ್ರ. ಹೋಗಬಹುದು ಅನ್ನೋದು ಬೇರೆ, ಹೋಗಿ ಮುಟ್ಟಬಹುದು ಅನ್ನೋದು ಬೇರೆ. ಹೋದ ಸಲವೂ ಓಪನ್ ಅಂತಲೇ ಇತ್ತು.

ಗೆಳೆಯನ ಜೀಪು ಸಿದ್ಧ. ಅವನಿಗೆ ಹೋದ ದಾರಿಯಲ್ಲೇ ವಾಪಸ್ ಬರೋದು ಇಷ್ಟ ಇಲ್ಲ. ಸಲೈನ್ ವ್ಯಾಲಿ ಕಡೆಯಿಂದ ಲಿಪಿನ್‌ಕಾಟ್ ಘಾಟಿ ಹತ್ತಿ ರೇಸ್‌ಟ್ರ್ಯಾಕ್‌ಗೆ ಹೋಗೋಣ ಅಂತಾನೆ. ಅದು ಒಂದೇ ಗಾಡಿ ಹಿಡಿಸೋ ದಾರಿ, ಒಂದು ಪಕ್ಕ ಪ್ರಪಾತ. ನೋಡೋಣ ಅಂದೆ.

ಫೆಬ್ರವರಿ 19

ಮಳೆ. ಇಲ್ಲಿ ಫ್ರೀಮಾಂಟಲ್ಲಿ ಎರಡು ದಿನ ಸುರಿದು, ಅದೇ ಮೋಡ ಸಿಯೆರಾ ಬೆಟ್ಟಸಾಲು ದಾಟಿ ಮರುಭೂಮಿಗೂ ಹೋಗಿದೆ. ಸಾಮಾನ್ಯವಾಗಿ ಸಿಯೆರಾ ಸಾಲೇ ಮೋಡವನ್ನು ಹಿಂಡಿಬಿಡುತ್ತೆ. ಡೆತ್ ವ್ಯಾಲಿ ಅಷ್ಟು ಒಣಗಿರೋದೇ ಅದಕ್ಕೆ.

ಅಲ್ಲಿ ಎಷ್ಟು ಮಳೆ ಬಿತ್ತು ಅನ್ನೋದಕ್ಕಿಂತ ಎಲ್ಲಿ ಬಿತ್ತು ಅನ್ನೋದು ಮುಖ್ಯ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಬಾಲ ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನಲ್ಲಿ ಒಂದೇ ದಿನ 2.2 ಇಂಚು, ಅಂದ್ರೆ 56 ಮಿಮೀ ಸುರಿಯಿತು. ಆಗುಂಬೆಯವರು ಇದಕ್ಕೆ ಛತ್ರಿ ಕೂಡ ಹುಡುಕಲ್ಲ. ಆದರೆ ಅಲ್ಲಿ ಅದು ಇಡೀ ವರ್ಷದ ಮಳೆ. ಪಾರ್ಕು ಅಕ್ಟೋಬರ್ 15ರವರೆಗೆ ಮುಚ್ಚಿತ್ತು. ಮಣ್ಣು ನೀರು ಕುಡಿಯಲ್ಲ, ಗಿಡ ಇಲ್ಲ. ಗುಡ್ಡದ ಮೇಲೆ ಬಿದ್ದದ್ದೆಲ್ಲ ನೇರ ಕೆಳಗೆ. ಇಲ್ಲಿನವರು ವಾಶ್ ಅಂತಾರಲ್ಲ, ಅದು ನಮ್ಮ ಕಡೆಯ ಹಳ್ಳವೇ. ಬೇಸಿಗೆಯಲ್ಲಿ ಅದರಲ್ಲೇ ಗಾಡಿ ಓಡಾಡುತ್ತೆ, ಮೇಲೆಲ್ಲೋ ಮಳೆಯಾದರೆ ನಿಂತಲ್ಲಿ ಬಿಸಿಲಿದ್ದರೂ "ಹಳ್ಳ ಬಂತು" ಅನ್ನೋ ಕೂಗು ಬರುತ್ತೆ. ಹಳ್ಳ ಇಳಿದ ಮೇಲೆ ರಸ್ತೆ ಇದ್ದ ಜಾಗದಲ್ಲಿ ಕಲ್ಲಿನ ರಾಶಿಯೋ, ಎದೆ ಮಟ್ಟದ ಕೊರಕಲೋ ಇರುತ್ತೆ. ನಾನು ಹುಡುಕಬೇಕಾಗಿರೋದು ಅದನ್ನೇ.

ಫೆಬ್ರವರಿ 24

ಇವತ್ತಿನ ಕೆಲಸ ನನಗೆ ತುಂಬಾ ಇಷ್ಟವಾಯ್ತು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಸೆಂಟಿನೆಲ್-2 ಅಂತ ಯುರೋಪಿನ ಉಪಗ್ರಹಗಳಿವೆ. ಒಂದೇ ಜಾಗದ ಫೋಟೋವನ್ನು ಹೆಚ್ಚುಕಡಿಮೆ ಐದು ದಿನಕ್ಕೊಮ್ಮೆ ತೆಗೆಯುತ್ತವೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಒಂದು ಚುಕ್ಕೆ ಅಂದ್ರೆ ನೆಲದ ಮೇಲೆ 10 ಮೀಟರ್. ಹಾಗಾಗಿ ರಸ್ತೆಯ ಕೊರಕಲು ಕಾಣಲ್ಲ, ಅದನ್ನು ಮರೆತುಬಿಡಿ. ಆದರೆ ಕೆರೆ ಅಂಗಳ ಒದ್ದೆಯಾಗಿದೆಯಾ ಅಂತ ಚೆನ್ನಾಗಿ ಗೊತ್ತಾಗುತ್ತೆ. ಒಣ ಜೇಡಿ ಬೆಳ್ಳಗೆ ಹೊಳೆಯುತ್ತೆ, ಒದ್ದೆ ಜೇಡಿ ಕಪ್ಪಗೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬ್ಯಾಂಡು ಹಾಕಿ ನೋಡಿದರೆ ವ್ಯತ್ಯಾಸ ಇನ್ನೂ ಢಾಳಾಗಿ ಕಾಣುತ್ತೆ.

ಮಳೆಗೆ ಮುಂಚಿನ ಫೋಟೋದಲ್ಲಿ ರೇಸ್‌ಟ್ರ್ಯಾಕ್ ಪೂರ್ತಿ ಬಿಳಿ. ಮೊನ್ನೆಯದರಲ್ಲಿ ದಕ್ಷಿಣದ ತುದಿ ಕಪ್ಪು. ಕಲ್ಲುಗಳು ಜಾಸ್ತಿ ಇರೋದು ಅಲ್ಲೇ! ಸುಮಾರು 2.8 ಮೈಲಿ ಉದ್ದದ ಅಂಗಳದಲ್ಲಿ ಉತ್ತರದ ತುದಿ ದಕ್ಷಿಣಕ್ಕಿಂತ ಎತ್ತರ ಇರೋದು ಬರೀ ಒಂದೂವರೆ ಇಂಚು, ಆದರೂ ನೀರಿಗೆ ಅಷ್ಟು ಸಾಕು. ಒದ್ದೆಯಿದ್ದಾಗ ಅದರ ಮೇಲೆ ನಡೆಯೋ ಹಾಗಿಲ್ಲ, ಹೆಜ್ಜೆ ಗುರುತು ವರ್ಷಗಟ್ಟಲೆ ಉಳಿಯುತ್ತೆ. ಗಾಡಿಯಂತೂ ಯಾವಾಗಲೂ ನಿಷಿದ್ಧ. 2016ರಲ್ಲಿ ಯಾರೋ ಪುಣ್ಯಾತ್ಮ ಸುಮಾರು 10 ಮೈಲಿ ಗಾಡಿ ಓಡಿಸಿ ಹೋಗಿದ್ದ.

ಇನ್ನೂ ಎರಡು ಫೋಟೋ ಬರುತ್ತವೆ ನಾವು ಹೊರಡೋದರೊಳಗೆ. ಕಾಯೋಣ.

ಫೆಬ್ರವರಿ 27

ಲಿಪಿನ್‌ಕಾಟ್ ಕೈಬಿಟ್ಟೆವು. ಗೆಳೆಯ ಒಂದು ಫೋಟೋ ಕಳಿಸಿದ್ದ, ಮೊನ್ನೆ ಯಾರೋ ಆನ್‌ಲೈನಲ್ಲಿ ಹಾಕಿದ್ದು, ಘಾಟಿ ಚೆನ್ನಾಗೇ ಇದೆ ನೋಡು ಅಂತ. ನೋಡಿದೆ. ಹಿಂದೆ ಇನ್ಯೋ ಬೆಟ್ಟಸಾಲು ಕಾಣುತ್ತೆ, ಅದರ ಮೇಲೆ ಒಂದು ಚೂರೂ ಹಿಮ ಇಲ್ಲ. ಅದೇ ದಿನದ ಉಪಗ್ರಹ ಫೋಟೋದಲ್ಲಿ ಇನ್ಯೋ ನೆತ್ತಿ ಪೂರ್ತಿ ಬೆಳ್ಳಗಿದೆ. ಅಂದ್ರೆ ಫೋಟೋ ಹಾಕಿದ್ದು ಮೊನ್ನೆ, ತೆಗೆದದ್ದು ಮಳೆಗೆ ಮುಂಚೆ. ಸುಳ್ಳು ಹೇಳಬೇಕು ಅಂತ ಅವನೇನೂ ಹಾಕಿಲ್ಲ, ಪುರುಸೊತ್ತಾದಾಗ ಹಾಕಿದ್ದಾನೆ. ಗೆಳೆಯ ಅರ್ಧ ಗಂಟೆ ವಾದ ಮಾಡಿ, ಆಮೇಲೆ ತಾನೇ ಜೂಮ್ ಮಾಡಿ ನೋಡಿ ಸುಮ್ಮನಾದ.

ಫರ್ನೇಸ್ ಕ್ರೀಕ್ ವಿಸಿಟರ್ ಸೆಂಟರ್‌ಗೂ ಫೋನ್ ಮಾಡಿದೆ. ಮೊದಲಾದರೆ "ರಸ್ತೆ ಓಪನ್ ಇದೆಯಾ" ಅಂತ ಕೇಳ್ತಿದ್ದೆ. ಈ ಸಲ "ಮಳೆಯಾದ ಮೇಲೆ ನಿಮ್ಮವರು ಯಾರಾದರೂ ಆ ರಸ್ತೆಯಲ್ಲಿ ಹೋಗಿದ್ರಾ, ಯಾವತ್ತು?" ಅಂತ ಕೇಳಿದೆ. ಆ ಕಡೆಯ ಹೆಂಗಸು ನಕ್ಕು, ಒಂದು ನಿಮಿಷ ತಡೆದು, ನಾಲ್ಕು ದಿನದ ಹಿಂದೆ ಅಂದರು. ಟೀಕೆಟಲ್ ಜಂಕ್ಷನ್‌ವರೆಗೆ ಸರಿಯಿದೆ, ಅದರಾಚೆಯ ಆರು ಮೈಲಿ ನೋಡಿಲ್ಲವಂತೆ. ಇಷ್ಟು ಸ್ಪಷ್ಟ ಉತ್ತರ ಯಾವ ಆ್ಯಪೂ ಕೊಟ್ಟಿರಲಿಲ್ಲ.

ಉಳಿದದ್ದು ಬೇಗ: ಹತ್ತು ಪ್ಲೈ, ಅಂದ್ರೆ ದಪ್ಪ ಗೋಡೆಯ ಟೈರ್ ಹಾಕಿಸಿದ್ದಾಯ್ತು. ಕಂಪ್ರೆಸರ್, ಪಂಕ್ಚರ್ ಕಿಟ್, ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಉಪಗ್ರಹ ಮೆಸೆಂಜರ್. ಪಾರ್ಕಿನೊಳಗಿನ ಸ್ಟೋವ್‌ಪೈಪ್ ವೆಲ್ಸ್‌ನಿಂದ ಹೋಗಿ ಬರೋದು 140 ಮೈಲಿಗಿಂತ ಜಾಸ್ತಿ, ಮಧ್ಯೆ ಎಲ್ಲೂ ಪೆಟ್ರೋಲ್ ಇಲ್ಲ.

ಶುಕ್ರವಾರ ರಾತ್ರಿ, ಸ್ಟೋವ್‌ಪೈಪ್ ವೆಲ್ಸ್

ಸಿಯೆರಾ ದಾಟೋ ಟಿಯೋಗಾ ಪಾಸ್ ಚಳಿಗಾಲಕ್ಕೆ ಮುಚ್ಚಿರೋದರಿಂದ ಬೇಕರ್ಸ್‌ಫೀಲ್ಡ್, ಟೆಹಾಚಪಿ ಸುತ್ತಿಕೊಂಡು ಬಂದೆವು, ಊಟ ಗೀಟ ಸೇರಿ ಹತ್ತು ಗಂಟೆ. ನಿನ್ನೆಯ ಉಪಗ್ರಹ ಫೋಟೋದಲ್ಲಿ ಕಪ್ಪು ಕಲೆ ಅರ್ಧಕ್ಕೆ ಇಳಿದಿತ್ತು.

ಪೆಟ್ರೋಲ್ ಹಾಕಿಸುವಾಗ ಪಕ್ಕದಲ್ಲಿ ಒಂದು ಹಳೇ ಟಕೋಮಾ ಪಿಕಪ್, ಗಾಜಿನವರೆಗೂ ಬಿಳಿ ಧೂಳು. ಯಜಮಾನರು ಟೈರಿಗೆ ಗಾಳಿ ತುಂಬುತ್ತಿದ್ದರು. ಎಲ್ಲಿಂದ ಬಂದ್ರಿ ಅಂದೆ. ರೇಸ್‌ಟ್ರ್ಯಾಕ್, ಮಧ್ಯಾಹ್ನ ಬಿಟ್ಟೆವು ಅಂದರು. ಕೈಯಲ್ಲಿದ್ದ ಪಂಪ್ ಬಿಟ್ಟು ಅಲ್ಲೇ ನಿಂತುಬಿಟ್ಟೆ. ಟೀಕೆಟಲ್ ದಾಟಿದ ಮೇಲೆ ಎರಡು ಕಡೆ ಹಳ್ಳ ಕೊರೆದಿದೆ, ಎಡಗಡೆ ಸುತ್ತು ಹಾಕಿದ ಚಕ್ರದ ಗುರುತು ಹಿಡಿದು ಹೋಗಿ, ಅಂಗಳದ ದಕ್ಷಿಣ ತುದಿ ಇನ್ನೂ ಮೆತ್ತಗಿದೆ, ದಂಡೆಯಿಂದಲೇ ನಾಲ್ಕೈದು ಕಲ್ಲು ಕಾಣುತ್ತವೆ ಅಂದರು. ಟೈರ್ ಗಾಳಿ ಎಷ್ಟಕ್ಕೆ ಇಳಿಸಿದ್ರಿ ಅಂದೆ, 22 ಪಿಎಸ್‌ಐ ಅಂದರು. ನಾನು 25 ಅಂದುಕೊಂಡಿದ್ದೆ.

ಅಪ್ಪನಿಗೆ ಮೆಸೇಜ್ ಹಾಕಿದೆ, ಆ ಕಡೆಯಿಂದ ಬಂದವರು ಸಿಕ್ಕರು ಅಂತ. ಅಲ್ಲಿ ಬೆಳಗಾಗಿತ್ತು. "ಸ್ಟೆಪ್ನಿ ಗಾಳಿ ನೋಡೀದಿ?" ಅಂತ ಬಂತು.

ನೋಡಿರಲಿಲ್ಲ. ಟಾರ್ಚ್ ತಗೊಂಡು ಗಾಡಿ ಕೆಳಗೆ ತೂರಿದೆ. 18 ಇತ್ತು.