ಟ್ರೆಡಲ್ ಯಂತ್ರಕ್ಕೆ ಬಿಡಿಭಾಗ ಎಲ್ಲಿಂದ ತರುತ್ತೀರಿ?

ಮೈಸೂರಿನ ಅಗ್ರಹಾರದಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಾಲಿನಿಂದ ತುಳಿದು ನಡೆಸುವ ಹಳೆಯ ಟ್ರೆಡಲ್ ಮುದ್ರಣ ಯಂತ್ರವೊಂದಿದೆ. ಲಗ್ನಪತ್ರಿಕೆ ಮಾಡಿಸಲು ಬರುವವರು, ಅಚ್ಚಿನ ಮೊಳೆಗಳನ್ನು (ಜೋಡಿಸಿ ಮುದ್ರಿಸುವ ಲೋಹದ ಅಕ್ಷರಗಳನ್ನು) ನೋಡಲು ಬರುವ ವಿದ್ಯಾರ್ಥಿಗಳು, ತಮ್ಮ ತಂದೆಯ ಕಾಲದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದೆ ಇಟ್ಟುಕೊಂಡಿರುವ ಮಂಡ್ಯ, ಮದ್ದೂರಿನ ಕಡೆಯವರು, ಹೀಗೆ ಯಾರೇ ಬಂದರೂ ಸ್ವಲ್ಪ ಹೊತ್ತು ಅದು ಓಡುವುದನ್ನು ನೋಡಿದ ಮೇಲೆ ಕೇಳುವುದು ಒಂದೇ ಪ್ರಶ್ನೆ: ತಯಾರಿಸುವವರೇ ಇಲ್ಲದ ಯಂತ್ರಕ್ಕೆ ಬಿಡಿಭಾಗ ಎಲ್ಲಿಂದ ತರುತ್ತೀರಿ?

ತರುವುದಿಲ್ಲ, ಮಾಡಿಸುತ್ತೇನೆ ಎಂಬುದು ಚಿಕ್ಕ ಉತ್ತರ. ಆದರೆ ಅಷ್ಟನ್ನೇ ಹೇಳಿ ಕಳಿಸಿದರೆ ಕೇಳಿದವರಿಗೆ ಅನ್ಯಾಯ ಮಾಡಿದಂತೆ, ಏಕೆಂದರೆ ಹೊಂದಿಕೊಳ್ಳುವ ಯಾವ ತುಂಡನ್ನು ಜೋಡಿಸಿದರೂ ಕೆಲಸ ನಡೆಯುತ್ತದೆ ಎಂದು ಅವರು ತಿಳಿದುಕೊಳ್ಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಹೊಸದಾಗಿ ಮಾಡಿಸಿದ ಭಾಗವು ತಾನು ಉಜ್ಜುವ ಹಳೆಯ ಭಾಗಕ್ಕಿಂತ ಮೊದಲು ಸವೆಯಬೇಕು ಎಂಬ ಒಂದು ನಿಯಮವನ್ನು ಕಲಿಯುವಷ್ಟರಲ್ಲಿ ಯಂತ್ರಕ್ಕೆ ದೊಡ್ಡ ಗಾಯವಾಗಿತ್ತು.

ನಮ್ಮದು ಗಾರ್ಡನ್ ಮಾದರಿಯ ಯಂತ್ರ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಜಾರ್ಜ್ ಗಾರ್ಡನ್ ರೂಪಿಸಿದ ಈ ಮಾದರಿಯನ್ನು ಮುಂದೆ ಹಲವು ಕಾರ್ಖಾನೆಗಳು ಅನುಸರಿಸಿದವು. ಅವುಗಳಲ್ಲಿ ಹೆಸರಾದ ಕ್ಲೀವ್‌ಲ್ಯಾಂಡಿನ ಚಾಂಡ್ಲರ್ ಆಂಡ್ ಪ್ರೈಸ್ ಕೂಡ 1964ರಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ನಮ್ಮ ಯಂತ್ರ ಅದೇ ಮಾದರಿಯನ್ನು ನೋಡಿ ಎರಕ ಹೊಯ್ದು ಮಾಡಿದ್ದು; ಮಾಡಿದವರ ಹೆಸರು ಬಣ್ಣದ ಪದರಗಳ ಕೆಳಗೆ ಮುಚ್ಚಿಹೋಗಿದೆ. ಇದರ ನೆತ್ತಿಯ ಮೇಲೆ ದುಂಡಗಿನ ಶಾಯಿತಟ್ಟೆಯಿದೆ. ಒಂದೊಂದು ಪ್ರತಿ ಅಚ್ಚಾದಾಗಲೂ ಆ ತಟ್ಟೆ ಸ್ವಲ್ಪ ತಿರುಗಬೇಕು. ತಿರುಗಿದರೆ ಮಾತ್ರ ರೋಲರುಗಳು ತಟ್ಟೆಯ ಬೇರೆ ಬೇರೆ ಭಾಗದಿಂದ ಶಾಯಿಯನ್ನು ಎತ್ತಿಕೊಂಡು ಮೊಳೆಗಳ ಮೇಲೆ ಸಮವಾಗಿ ಹಚ್ಚುತ್ತವೆ. ತಟ್ಟೆಯ ಅಡಿಯಲ್ಲಿರುವ ಗರಗಸದಂಥ ಹಲ್ಲುಗಳನ್ನು ಒಂದು ಪುಟ್ಟ ಕೊಕ್ಕೆ ತಳ್ಳುವುದರಿಂದ ಈ ತಿರುಗಾಟ ನಡೆಯುತ್ತದೆ. ಸೈಕಲ್ ರಿಪೇರಿಯವರು ಫ್ರೀವೀಲಿನೊಳಗಿನ ಇಂಥ ಕೊಕ್ಕೆಯನ್ನು ಕುತ್ತಾ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯುತ್ತೇವೆ.

ಆ ಕುತ್ತಾ ಮುರಿದಾಗ, ಮತ್ತೆಂದೂ ಮುರಿಯಬಾರದೆಂಬ ಆಸೆಯಿಂದ, ಒಂದು ವರ್ಕ್‌ಶಾಪಿನಲ್ಲಿ ಗಟ್ಟಿ ಉಕ್ಕಿನಲ್ಲಿ ಮಾಡಿಸಿ, ಇನ್ನಷ್ಟು ಗಡುಸಾಗಲೆಂದು ಕಾಯಿಸಿ ಅದ್ದಿಸಿ ಪಾನ ಕೊಡಿಸಿದೆ. ಅದು ಮುರಿಯಲಿಲ್ಲ, ಸವೆಯಲೂ ಇಲ್ಲ. ನಾಲ್ಕೇ ತಿಂಗಳಲ್ಲಿ ಮುದ್ರಣ ಒಂದು ಬದಿಯಲ್ಲಿ ಮಸುಕಾಗತೊಡಗಿತು. ಶಾಯಿ ಬದಲಿಸಿದೆ, ರೋಲರ್ ತೊಳೆದೆ. ಕಡೆಗೆ ತಟ್ಟೆಯನ್ನು ಎತ್ತಿ ನೋಡಿದರೆ ಅದರ ಬೀಡುಕಬ್ಬಿಣದ ಹಲ್ಲುಗಳಲ್ಲಿ ಹನ್ನೊಂದು ತೇದುಹೋಗಿದ್ದವು. ಇಪ್ಪತ್ತು ರೂಪಾಯಿಯ ತುಂಡನ್ನು ಉಳಿಸಲು ಹೋಗಿ, ಮತ್ತೆ ಸಿಗದ ತಟ್ಟೆಯನ್ನು ಕೆಡಿಸಿಕೊಂಡಿದ್ದೆ.

ಬೀಡುಕಬ್ಬಿಣದಲ್ಲಿ ಇಂಗಾಲದ ಅಂಶ ಶೇಕಡಾ 3ರ ಸುಮಾರು ಇರುವುದರಿಂದ ಅದು ಬಳುಕುವುದಿಲ್ಲ. ನೇರವಾಗಿ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಹಾಗಾಗಿ ತಟ್ಟೆಯನ್ನು ತೆಂಗಿನಚಿಪ್ಪಿನ ಇದ್ದಿಲ ಮೇಲಿಟ್ಟು ಒಂದೇ ಸಮನೆ ಕಾಯಿಸಿ, ತೇದ ಹಲ್ಲುಗಳ ಮೇಲೆ ಹಿತ್ತಾಳೆ ಕಡ್ಡಿಯನ್ನು ಕರಗಿಸಿ ತುಂಬಿ (ಇದಕ್ಕೆ ಬ್ರೇಜಿಂಗ್ ಎನ್ನುತ್ತಾರೆ), ಭತ್ತದ ಹೊಟ್ಟಿನ ಬೂದಿಯೊಳಗೆ ಹೂತು, ಮರುದಿನ ಮಧ್ಯಾಹ್ನದವರೆಗೂ ಆರಲು ಬಿಡಬೇಕಾಯಿತು. ಮಂಡ್ಯದ ಅಕ್ಕಿ ಗಿರಣಿಯಿಂದ ತಂದ ಒಂದು ಮೂಟೆ ಬೂದಿ ಅದಕ್ಕೆ ಸಾಕಾಯಿತು. ಶಾಖ ಅದರೊಳಗಿಂದ ಬಹಳ ನಿಧಾನವಾಗಿ ಹೊರಬರುವುದರಿಂದ ಲೋಹ ಸೆಟೆದುಕೊಳ್ಳುವುದಿಲ್ಲ. ಹನ್ನೊಂದು ಹಲ್ಲುಗಳನ್ನು ಅರದಿಂದ ಉಜ್ಜಿ ಹಳೆಯ ಆಕಾರಕ್ಕೆ ತರಲು ಒಂಬತ್ತು ಸಂಜೆಗಳು ಬೇಕಾದವು. ಅಂದಿನಿಂದ ಕುತ್ತಾವನ್ನು ಹಿತ್ತಾಳೆಯಲ್ಲೇ ಮಾಡಿಸುತ್ತಿದ್ದೇನೆ.

ರೋಲರುಗಳ ವಿಷಯದಲ್ಲಿ ನಮ್ಮ ಹಿರಿಯರಿಗೆ ಅಂಗಡಿಯ ಹಂಗೇ ಇರಲಿಲ್ಲ. ಯೂರೋಪಿನ ಮುದ್ರಕರು ಪ್ರಾಣಿಜನ್ಯ ಅಂಟಿಗೆ ಕಾಕಂಬಿ ಬೆರೆಸಿ ರೋಲರ್ ಎರೆಯುತ್ತಿದ್ದರೆ, ನನ್ನ ತಂದೆ ಅಂಥದೇ ಅಂಟಾದ ಸರೇಸನ್ನು ಮಂಡ್ಯದ ಬೆಲ್ಲದೊಡನೆ ಕಾಸುತ್ತಿದ್ದರು. ನೇರ ಉರಿಯಲ್ಲಿ ಸರೇಸಿನ ಕಸುವು ಹೋಗುತ್ತದೆಂದು, ನೀರು ತುಂಬಿದ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಒಳಗೆ ಎಣ್ಣೆ ಸವರಿದ ಕೊಳವೆಯ ನಡುವೆ ಕಬ್ಬಿಣದ ಸರಳನ್ನು ನೆಟ್ಟಗೆ ನಿಲ್ಲಿಸಿ, ಸುತ್ತಲೂ ಸುರಿದು ರಾತ್ರಿಯಿಡೀ ಬಿಡುತ್ತಿದ್ದರು. ಬೆಲ್ಲ ಗಾಳಿಯ ತೇವವನ್ನು ಹಿಡಿದಿಡುವುದರಿಂದ ಸರೇಸು ಒಣಗಿ ಗಡುಸಾಗುತ್ತಿರಲಿಲ್ಲ. ಆದರೆ ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗಿ ಅಂಟುತ್ತಿತ್ತು, ಆಷಾಢದ ಮಳೆಗೆ ಊದುತ್ತಿತ್ತು, ರಾತ್ರಿ ಇಲಿಗಳು ಬಂದು ಕಡಿಯುತ್ತಿದ್ದವು. ಈಗ ಹಳೆಯ ಸರಳುಗಳ ಮೇಲೆಯೇ ನೈಟ್ರೈಲ್ ರಬ್ಬರ್ ಹಾಕಿಸುತ್ತೇನೆ. ರಬ್ಬರಿನ ಗಡುಸನ್ನು ಅಳೆಯುವ ಶೋರ್ ಎ ಅಳತೆಯಲ್ಲಿ 25ರಿಂದ 30ರ ಮೆದುತನ ಬೇಕೆಂದು ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ಗಿರಣಿಯ ರೋಲರಿನಷ್ಟು ಗಡುಸಾದ ರಬ್ಬರ್ ಬರುತ್ತದೆ, ಮೊಳೆಯ ಮುಖಕ್ಕೆ ಅದು ಮುತ್ತಿಡುವುದೇ ಇಲ್ಲ.

ರೋಲರಿನ ಎರಡು ತುದಿಗಳಲ್ಲಿ ಹಳಿಯ ಮೇಲೆ ಉರುಳುವ ಪುಟ್ಟ ಗಾಲಿಗಳಿವೆ. ಅವನ್ನು ಮೊದಲು ನೈಲಾನಿನಲ್ಲಿ ಕಡೆಸಿದೆ. ನೈಲಾನ್ ತೇವ ಹೀರಿ ಹಿಗ್ಗುವ ವಸ್ತು. ಮಳೆಗಾಲದಲ್ಲಿ ರೋಲರುಗಳು ಮೊಳೆಯಿಂದ ಮೇಲೆದ್ದು ಅಕ್ಷರಗಳು ಹರಕು ಹರಕಾಗಿ ಬಂದವು. ಡೆಲ್ರಿನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಕಡೆಸಿದ ಮೇಲೆ ಆ ತೊಂದರೆ ನಿಂತಿತು, ಬೀಡಿನ ಹಳಿಯ ಸವೆತವೂ ತಪ್ಪಿತು. ಹೊಂದಾಣಿಕೆ ಸರಿಯಿದೆಯೇ ಎಂದು ನೋಡಲು, ಮೊಳೆಯಷ್ಟೇ ಎತ್ತರದ ಲೋಹದ ತುಂಡಿನ ಮೇಲೆ ಶಾಯಿ ಹಚ್ಚಿದ ರೋಲರನ್ನು ಇಳಿಸಿ ಎತ್ತಿದರೆ ಸುಮಾರು 3 ಮಿಲಿಮೀಟರ್ ಅಗಲದ ಗೆರೆ ಮೂಡಬೇಕು. ಗೆರೆ ಅದಕ್ಕಿಂತ ಅಗಲವಾಗಿ ಬಂದರೆ ಹಳಿ ಸವೆದು ರೋಲರ್ ಕೆಳಗಿಳಿದಿದೆ ಎಂದರ್ಥ. ಆಗ ಹಳಿಯ ಮೇಲೆ ಅಂಟುಪಟ್ಟಿಯನ್ನು ಒಂದೊಂದೇ ಪದರವಾಗಿ ಹಚ್ಚುತ್ತಾ ಹೋಗುತ್ತೇನೆ.

ಬೋಲ್ಟ್‌ಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಮದ್ದೂರಿನವರ ಯಂತ್ರ ಕೆಟ್ಟೀತು. ನಮ್ಮ ಯಂತ್ರದಲ್ಲಿರುವುದು ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯ ಮರೆ (ತಿರುಪಿನ ಸುತ್ತುಗಳು): ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಸುತ್ತು, 55 ಡಿಗ್ರಿ ಕೋನ. ಅಂಗಡಿಯಲ್ಲಿ ಕೊಡುವ ಅಮೆರಿಕನ್ ಅಳತೆಯ ಅರ್ಧ ಇಂಚಿನ ಬೋಲ್ಟಿಗೆ 13 ಸುತ್ತು, 60 ಡಿಗ್ರಿ. ಕಣ್ಣಿಗೆ ಎರಡೂ ಒಂದೇ. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ; ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಬೀಡಿನೊಳಗಿನ ಮರೆ ಪುಡಿಯಾಗುತ್ತದೆ.

ಕೈಚಳಕಕ್ಕೆ ಅವಕಾಶವಿಲ್ಲದ ಒಂದು ಜಾಗವಿದೆ. ಪ್ರತಿ ಮುದ್ರಣದಲ್ಲೂ ಕಾಗದದ ಹಲಗೆಯನ್ನೂ ಮೊಳೆಯ ಚೌಕಟ್ಟನ್ನೂ ಒಂದಕ್ಕೊಂದು ಒತ್ತಿಸುವ ಪೂರ್ತಿ ಭಾರ ಎರಡು ಪಕ್ಕದ ತೋಳುಗಳ ಮೇಲೆ ಬೀಳುತ್ತದೆ. ಬಲತೋಳಿನ ಮೇಲೆ ಕೂದಲೆಳೆಯಂಥ ಗೆರೆಯನ್ನು ಕಂಡಾಗ ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿರುಕಿನೊಳಗೆ ಉಳಿದಿದ್ದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಒಸರಿತು. ಅದನ್ನು ಬೆಸೆಯಲು ನಾನು ಒಪ್ಪಲಿಲ್ಲ, ಏಕೆಂದರೆ ಕಾಗದವಿಡುವವನ ಕೈ ಪ್ರತಿ ಸಲವೂ ಆ ಎರಡು ಹಲಗೆಗಳ ನಡುವೆ ಹೋಗಿಬರುತ್ತದೆ. ದಪ್ಪ ಉಕ್ಕಿನ ಫಲಕದಿಂದ ಎರಡೂ ತೋಳುಗಳನ್ನು ಹೊಸದಾಗಿ ಕತ್ತರಿಸಿ, ಒಂದರ ಮೇಲೊಂದಿಟ್ಟು ಬಿಗಿದು ಒಟ್ಟಿಗೇ ತೂತು ಕೊರೆಸಿದೆ. ತೂತುಗಳ ಅಂತರದಲ್ಲಿ ತುಸು ವ್ಯತ್ಯಾಸವಾದರೂ ಪುಟದ ಒಂದು ಅಂಚು ಕಾಗದವನ್ನು ಕೊರೆಯುತ್ತದೆ, ಇನ್ನೊಂದು ಅಂಚು ಮೂಡುವುದೇ ಇಲ್ಲ. ಉಕ್ಕು ಹಳೆಯ ಗೂಟಗಳನ್ನು ತೇಯಬಾರದೆಂದು ತೂತುಗಳ ಒಳಗೆ ಗನ್‌ಮೆಟಲ್ ಎಂಬ ಕಂಚಿನ ಬುಷ್‌ಗಳನ್ನು (ಬಳೆಗಳನ್ನು) ಕೂರಿಸಿದ್ದೇನೆ. ಸವೆಯುವುದಾದರೆ ಅವು ಸವೆಯಲಿ.

ಮೊಳೆಗಳದು ಬೇರೆಯೇ ಕಥೆ. ಕಳೆದುಹೋದ ಒತ್ತಕ್ಷರವನ್ನು ಮರಳಿ ತರಲಾರೆ. ತೀರಾ ಅಗತ್ಯವಾದಾಗ ಆ ಸಾಲನ್ನು ಪಾಲಿಮರ್ ಪ್ಲೇಟಿನಲ್ಲಿ ಮಾಡಿಸಿ, ಕೆಳಗೆ ಅಲ್ಯೂಮಿನಿಯಂ ಗಟ್ಟಿಯಿಟ್ಟು ಮೊಳೆಯ ಎತ್ತರವಾದ 23.3 ಮಿಲಿಮೀಟರಿಗೆ ಸರಿತೂಗಿಸುತ್ತೇನೆ.

ಶಾಯಿತಟ್ಟೆಯ ಪಕ್ಕದ ಗೋಡೆಯಲ್ಲಿ ಒಂದು ಮೊಳೆ ಹೊಡೆದು, ಸವೆದ ಹಿತ್ತಾಳೆ ಕುತ್ತಾಗಳನ್ನು ತೂಗುಹಾಕಿದ್ದೇನೆ; ಒಂದೊಂದರ ಮೇಲೂ ಹಾಕಿದ ದಿನ, ತೆಗೆದ ದಿನ ಕೆತ್ತಿದೆ. ಅಲ್ಲಿ ಈಗ ಮೂರಿವೆ. ನಾಲ್ಕನೆಯದು ಯಂತ್ರದಲ್ಲಿದೆ, ಐದನೆಯದು ಡ್ರಾಯರಿನಲ್ಲಿ ಸಿದ್ಧವಾಗಿದೆ. ಬ್ರೇಜಿಂಗ್ ಮಾಡಿದ ಹನ್ನೊಂದು ಹಲ್ಲುಗಳನ್ನು ಪ್ರತಿ ಆಯುಧಪೂಜೆಯ ಹಿಂದಿನ ದಿನ ಅಳೆದು ನೋಡುತ್ತೇನೆ; ಇಷ್ಟು ವರ್ಷಗಳಲ್ಲಿ ಅಳತೆ ಬದಲಾಗಿಲ್ಲ.