ಬೈಹುಲ್ಲಿನ ನೀರು, ನಾಲ್ಕನೇ ವಾರ

ಉಡುಪಿಯಲ್ಲಿ ಜುಲೈ ಮಳೆ ಬಿಟ್ಟಿಲ್ಲ. ಹೇಗೆ ಕುದಿಸಿದರೆ ಬ್ಯಾಕ್ಟೀರಿಯಾ ಪೂರ್ತಿ ಸಾಯುತ್ತದೆ ಅಂತ ನೋಡಲು ಕಪಾಟಿನಲ್ಲಿ ಒಂಬತ್ತು ಬಾಟಲಿ ಇಟ್ಟಿದ್ದೆ. ಎಲ್ಲದರಲ್ಲೂ ಬೈಹುಲ್ಲು ನೆನೆಸಿ ಸೋಸಿದ ನೀರು, ಬಾಯಿಗೆ ಹತ್ತಿ. ಮೊದಲು ಕುಚ್ಚಲಕ್ಕಿ ಗಂಜಿಯ ತಿಳಿಯಲ್ಲೇ ಶುರು ಮಾಡಿದ್ದೆ. ಅದು ಮೊದಲೇ ಮಬ್ಬು, ಬ್ಯಾಕ್ಟೀರಿಯಾ ಬೆಳೆದದ್ದು ಗೊತ್ತೇ ಆಗುವುದಿಲ್ಲ.

ಮೂರು ಬಾಟಲಿಯನ್ನು ಒಂದೇ ಸಲ 15 ನಿಮಿಷ ಕುದಿಸಿದೆ. ಇನ್ನು ಮೂರನ್ನು ದಿನಕ್ಕೊಮ್ಮೆ, ಮೂರು ದಿನ. ಉಳಿದವು ಹಳೇ ಕುಕ್ಕರಿನಲ್ಲಿ ಅರ್ಧ ಗಂಟೆ. ಅದರಲ್ಲಿ ನಾವು ಅಡುಗೆ ಮಾಡುವುದಿಲ್ಲ.

ಮೂರನೇ ದಿನ ಅಮ್ಮ, "ಎಂತ ಮಾರಾಯ, ಇವತ್ತೂ ಅದನ್ನೇ ಕುದಿಸುದಾ?" ಅಂದರು. ಹೌದು, ವಿಷಯ ಅದೇ. ಕುದಿಸಿದರೂ ಸಾಯದ ಸ್ಪೋರ್, ಅಂದರೆ ಬ್ಯಾಕ್ಟೀರಿಯಾದ ಮಲಗಿದ ಗಟ್ಟಿ ರೂಪವಾದ ಬೀಜಾಣುವನ್ನು ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಕೋನ್ 1876ರಲ್ಲಿ ಒಣಹುಲ್ಲಿನ ನೀರಿನಲ್ಲೇ ಕಂಡಿದ್ದರು. ಮರುವರ್ಷ ಇನ್ನೊಬ್ಬ ವಿಜ್ಞಾನಿ ಜಾನ್ ಟಿಂಡಾಲ್ ಒಂದು ಉಪಾಯ ಹೇಳಿದರು. ಕುದಿಸಿ, ಬಿಡಿ. ಬೀಜಾಣು ಮೊಳೆತು ಮೆತ್ತಗಾಗಲಿ. ಆಮೇಲೆ ಮತ್ತೆ ಕುದಿಸಿ.

ಒಂದು ಸಲ ಕುದಿಸಿದ ಮೂರರಲ್ಲೂ ಎರಡೇ ದಿನಕ್ಕೆ ಸುಕ್ಕುಸುಕ್ಕಾದ ಕೆನೆ ಕಟ್ಟಿತು. ಕುಕ್ಕರಿನವು ಇವತ್ತಿಗೂ ತಿಳಿಯಾಗಿವೆ. ಮೂರು ದಿನ ಕುದಿಸಿದ ಟಿಂಡಾಲ್ ಬಾಟಲಿಗಳಲ್ಲಿ ಎರಡು ತಿಳಿ, ಒಂದು ಮಾತ್ರ ಆರನೇ ದಿನ ಮಬ್ಬಾಗಿ ಕೆನೆ ಕಟ್ಟಿತು.

ಹತ್ತಿ ಒದ್ದೆಯಾಗಿ ಗಾಳಿಯಿಂದ ಏನೋ ಬಿದ್ದಿರಬೇಕು ಅಂದುಕೊಂಡೆ. ಈ ಮಳೆಯಲ್ಲಿ ಅದು ಆಗುವ ಮಾತೇ. ಆದರೆ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಆ ಕೆನೆಯನ್ನೂ ಮೊದಲ ಗುಂಪಿನ ಕೆನೆಯನ್ನೂ ಬೇರೆ ಬೇರೆ ಹೊಸ ಬಾಟಲಿಗಳಿಗೆ ಹಾಕಿ, ಒಂದು ವಾರ ಬಿಟ್ಟು 20, 40, 60 ನಿಮಿಷ ಕುದಿಸಿದೆ. ಮೊದಲ ಗುಂಪಿನದು 40 ನಿಮಿಷಕ್ಕೆ ಮುಗಿಯಿತು. ಟಿಂಡಾಲ್ ಬಾಟಲಿಯದು 60 ನಿಮಿಷ ಕುದ್ದ ಮೇಲೂ ಕೆನೆ ಕಟ್ಟಿತು! ನೋಡಿ ಮೈ ಜುಮ್ಮೆಂದಿತು.

ಬೀಜಾಣುವಿನ ಒಳಗೆ ನೀರು ತೀರಾ ಕಡಿಮೆ. ನೀರಿನ ಜಾಗದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿದ ಡಿಪಿಕೊಲಿನಿಕ್ ಆಮ್ಲ ಕೂತಿರುತ್ತದೆ. ಅದನ್ನು ಒಳಗೆ ಸಾಗಿಸುವುದು ಸ್ಪೋ-ಫೈವ್-ಎ ಜೀನ್‌ಗಳ ಪ್ರೋಟೀನುಗಳು. ಹುಲ್ಲಿನಲ್ಲಿರುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಆಹಾರಕ್ಕೂ ಬರುತ್ತದೆ. ಅದರ ಕೆಲವು ತಳಿಗಳಲ್ಲಿ ಈ ಜೀನ್‌ಗಳ ಇನ್ನೊಂದು ಕಟ್ಟು ಇದೆ, ಟಿಎನ್1546 ಎಂಬ ಜಿಗಿಯುವ ಡಿಎನ್‌ಎ ತುಂಡಿನಲ್ಲಿ. ಇದರ ಸಂಶೋಧನೆ 2016ರಲ್ಲಿ ಪ್ರಕಟವಾಯಿತು. ಕಟ್ಟು ಎರಡು ಮೂರು ಇದ್ದರೆ ಬೀಜಾಣು ಇನ್ನೂ ಜಾಸ್ತಿ ಬಿಸಿ ತಾಳುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಇನ್ನೊಂದು ಗುಣ: ಅಂಥ ಬೀಜಾಣು ಮೊಳೆಯುವುದೂ ತಡ. ಹಾಗಾದರೆ ಟಿಂಡಾಲ್ ಉಪಾಯಕ್ಕೂ ಅದು ಸಿಗುವುದಿಲ್ಲ, ಅಲ್ವಾ? ಮೂರು ದಿನವೂ ಮಲಗಿಯೇ ಇದ್ದರೆ ಕುದಿಸಿ ಏನು ಪ್ರಯೋಜನ?

ನನ್ನ ಬಾಟಲಿಯದೂ ಅದೇ ಅನ್ನಲು ಡಿಎನ್‌ಎ ನೋಡಬೇಕು. ನೋಡದೆ ಜೀನಿನ ಹೆಸರು ಅಂಟಿಸುವುದು ತಪ್ಪು.

ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ್ದು ಬೇರೆ ಕತೆ. ವಾಂತಿ ತರಿಸುವ ಅದರ ವಿಷದ ಜೀನ್‌ಗಳು ಪ್ಲಾಸ್ಮಿಡ್, ಅಂದರೆ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಸಣ್ಣ ಡಿಎನ್‌ಎ ಉಂಗುರದ ಮೇಲಿವೆ. ಆ ವಿಷ 121 ಡಿಗ್ರಿಯಲ್ಲಿ 90 ನಿಮಿಷ ಇಟ್ಟರೂ ಹಾಳಾಗುವುದಿಲ್ಲ. ರಾತ್ರಿಯಿಡೀ ಹೊರಗೆ ಉಳಿದ ಅನ್ನವನ್ನು ಬಿಸಿ ಮಾಡಿದರೆ ಸಾಕು ಅಂತ ನಾನಿನ್ನು ಹೇಳುವುದಿಲ್ಲ. ನಮ್ಮ ಮನೆಯ ಗಂಜಿ ಈಗ ಬೇಗ ತಣಿಸಿ ಫ್ರಿಜ್ಜಿಗೆ ಹೋಗುತ್ತದೆ.

ಮುಂದಿನ ಸಲ ಈ ಗಟ್ಟಿ ಕೆನೆಯಿಂದಲೇ ಆರು ಬಾಟಲಿ. ಒಂದು ಕುದಿಗೂ ಇನ್ನೊಂದಕ್ಕೂ ನಡುವೆ ಮೂರಕ್ಕೆ ಒಂದು ದಿನದ ಬಿಡುವು, ಮೂರಕ್ಕೆ ಎರಡು ದಿನದ್ದು. ಬಚ್ಚಲ ಒಲೆಯ ಪಕ್ಕ ಬೆಚ್ಚಗೆ ಇಡಬೇಕು. ಮಬ್ಬಾದ ಬಾಟಲಿಗಳನ್ನೆಲ್ಲ ಕುಕ್ಕರಿನಲ್ಲಿ ಬೇಯಿಸಿ ತೊಳೆದಿಟ್ಟಿದ್ದೇನೆ. ಹೊಸ ಬೈಹುಲ್ಲು ನೆನೆಯುತ್ತಿದೆ.